ಒಕೋನ್ಯಕ್ಕೆ ಒಯ್ದ ರೊಟ್ಟಿ

ಹಳೆಯ ಬಸ್ಸು ಪಾಲ್ಪಾದ ಕಿತ್ತಳೆ ತೋಟಗಳ ನಡುವೆ ಧೂಳೆಬ್ಬಿಸಿಕೊಂಡು ಬಂದು ಮನೆಯ ಮುಂದೆ ನಿಂತ ದಿನ ನೆಲಿದಾಗೆ ಕೈಕಾಲು ಒಂದು ಕಡೆ ನಿಲ್ಲಲಿಲ್ಲ. ಗಾಜು ಒರೆಸಿದಳು, ಸೀಟುಗಳ ಅಡಿ ಗುಡಿಸಿದಳು, ಹಿಂದಿನ ಯಜಮಾನ ಬಿಟ್ಟುಹೋಗಿದ್ದ ಒಣಮೀನಿನ ವಾಸನೆ ಹೋಗಲಿ ಎಂದು ಕಿತ್ತಳೆ ಸಿಪ್ಪೆ ಸುಟ್ಟು ಹೊಗೆ ಹಾಕಿದಳು. ಆಮೇಲೆ ಡ್ರೈವರ್ ಪಕ್ಕದ ಒಂಟಿ ಸೀಟಿನ ಮೇಲೆ ತನ್ನ ಹಳದಿ ಶಾಲು ಹರವಿದಳು. ಮರಳುಗಾಡಿನ ರಸ್ತೆಯಲ್ಲಿ ಡ್ರೈವರ್ ತೂಕಡಿಸದ ಹಾಗೆ ಮಾತಾಡಿಸುತ್ತ, ಹಣ್ಣು ಸುಲಿದು ಅವನ ಕೈಗಿಡುತ್ತ ಕೂರುವವರ ಜಾಗ ಅದು. ಬಸ್ಸು ಗಂಡ ಒವಿದಿಯೊನದು ಎಂದ ಮೇಲೆ ಆ ಸೀಟು ತನ್ನದು ಎಂದು ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಊಟಕ್ಕೆ ಕೂತಾಗ ಅತ್ತೆ ದೊರೊತೆಯಾ ಬಿಳಿ ಅವರೆಕಾಳಿನ ಸಾರು ಬಡಿಸುತ್ತ ಮಾತು ತೆಗೆದಳು.

"ಜ್ಞಾನಸ್ನಾನ ಆಗೋವರೆಗೂ ಒಬ್ಬ ಪ್ಯಾಸೆಂಜರನ್ನೂ ಹತ್ತಿಸಕೂಡದು. ಮಗೂಗೆ ಹೇಗೋ ಬಸ್ಸಿಗೂ ಹಾಗೇ. ಪಾದ್ರಿ ನೀರು ಚಿಮುಕಿಸೋವಾಗ ಪಕ್ಕ ನಿಲ್ಲೋಕೆ ಧರ್ಮತಾಯಿ ಬೇಕು."

"ನಾಸ್ಕಾದಲ್ಲಿ ನಮ್ಮಕ್ಕ ಇದ್ದಾಳಲ್ಲ ಅತ್ತೆ," ಎಂದಳು ನೆಲಿದಾ.

"ನಿಮ್ಮಕ್ಕ ಆ ಅಂಗಡಿಯವನ ಲಾರಿಗೆ ಧರ್ಮತಾಯಿ ಆಗಿದ್ದಳು. ಲಾರಿ ಎಲ್ಲಿದೆ ಈಗ? ಕಣಿವೇಲಿ ಬಿದ್ದಿದೆ, ಕೋಳಿ ಮೊಟ್ಟೆ ಇಡ್ತಿವೆ ಅದರಲ್ಲಿ. ನಾನು ಒಕೋನ್ಯದ ಕ್ಲೊರಿಂದಾನ ಕೇಳ್ತೀನಿ."

ನೆಲಿದಾಳ ಚಮಚ ತಟ್ಟೆಯ ಅಂಚಿಗೆ ಟಣ್ ಎಂದಿತು. ಕ್ಲೊರಿಂದಾ ಯಾರೆಂದು ಆ ಮನೆಯ ಬೆಕ್ಕಿಗೂ ಗೊತ್ತಿತ್ತು. ನೆಲಿದಾ ಸೊಸೆಯಾಗಿ ಬರುವ ಮೊದಲು ಪಾಲ್ಪಾಕ್ಕೆ ಕಿತ್ತಳೆ ಆರಿಸಲು ಬರುತ್ತಿದ್ದ ಹುಡುಗಿ ಅವಳು. ಒವಿದಿಯೊಗೆ ಅವಳೇ ಎಂದು ಊರೆಲ್ಲ ಆಡಿಕೊಂಡಿತ್ತು. ಅವಳಪ್ಪ ಬಂದು ಎಳೆದುಕೊಂಡು ಹೋಗಿ ಒಕೋನ್ಯ ನದಿಯ ಸಿಗಡಿ ವ್ಯಾಪಾರಿಗೆ ಮದುವೆ ಮಾಡಿಕೊಟ್ಟ. ಆ ವ್ಯಾಪಾರಿ ಹೋದ ವರ್ಷ ತೀರಿಕೊಂಡ. ಈಗ ಅವಳು ಸೇತುವೆಯ ಪಕ್ಕ ಸಿಗಡಿ ಸಾರಿನ ಖಾನಾವಳಿ ನಡೆಸುತ್ತ ಒಬ್ಬಳೇ ಇದ್ದಳು. ದಕ್ಷಿಣದಲ್ಲಿ ಅಷ್ಟೊಂದು ಊರುಗಳಿರುವಾಗ ಒವಿದಿಯೊ ತನ್ನ ಬಸ್ಸಿಗೆ ಆರಿಸಿಕೊಂಡ ಕೊನೆಯ ನಿಲ್ದಾಣ ಒಕೋನ್ಯ. ವಾರಕ್ಕೊಂದು ರಾತ್ರಿ ಅವನು ಅಲ್ಲೇ ತಂಗಬೇಕು.

"ಬೇಡಮ್ಮ," ಎಂದ ಒವಿದಿಯೊ, ತಟ್ಟೆಯಿಂದ ತಲೆಯೆತ್ತದೆ. "ಅವಳನ್ನ ಯಾಕೆ ಇದಕ್ಕೆ ಎಳೀತೀಯ? ಬೇರೆ ಯಾರಾದ್ರೂ ಸಿಗ್ತಾರೆ."

"ಹೆಸರು ಕೇಳಿದ್ರೇ ನಾಚಿಕೆ ಬರ್ತಿದೆ ನೋಡಿ," ಎಂದಳು ನೆಲಿದಾ.

"ನಾನೇನಂದೆ ಈಗ? ಬೇಡ ಅಂದೆ ತಾನೆ?"

"ಬೇಡ ಅಂದ ಚೆಂದ ನೋಡ್ದೆ ಕಣಯ್ಯ."

ಹದಿಮೂರರ ಮಗಳು ಅರಾಸೆಲಿ ಅವರೆಕಾಳು ಬಾಯಿಗೆಸೆದುಕೊಳ್ಳುತ್ತ, "ಅಪ್ಪಾ, ನೀನು ಬೇಕು ಅಂದ್ರೂ ಬೈಸ್ಕೋತೀಯ, ಬೇಡ ಅಂದ್ರೂ ಬೈಸ್ಕೋತೀಯ. ಸುಮ್ನೆ ಸಾರು ಕುಡಿ," ಎಂದಳು.

ನಗು ಬಂದದ್ದು ದೊರೊತೆಯಾಗೊಬ್ಬಳಿಗೇ. ನಕ್ಕು ಮುಗಿಸಿ ಅವಳು ಕಿಟಕಿಯಾಚೆ ಬಸ್ಸಿನ ಸೀಟಿನ ಮೇಲೆ ಕಾಣುತ್ತಿದ್ದ ಶಾಲಿನ ಕಡೆ ಬೆರಳು ತೋರಿಸಿದಳು. "ಇನ್ನೊಂದು ಮಾತು. ಒಕೋನ್ಯದಿಂದ ವಾಪಸ್ ಬರ್ತಾ ಆ ಮುಂದಿನ ಸೀಟು ಬಿಟ್ಟುಕೊಡಬೇಕು, ನೆಲಿ. ಧರ್ಮತಾಯಿ ಕೂತು ಬರೋ ಜಾಗ ಅದು."

*

ಜ್ಞಾನಸ್ನಾನಕ್ಕೆ ಫೋನಿನಲ್ಲಿ ಕರೆದರೆ ನಂಟರು ಮುಖಕ್ಕೆ ಹೊಡೆದಂತೆ ತಿಳಿಯುತ್ತಾರೆ. ಬಾಗಿಲಿಗೆ ಹೋಗಿ, ಕೂತು, ಅವರು ಕೊಟ್ಟದ್ದು ತಿಂದು, ಅವರ ಸೊಂಟನೋವಿನ ಕತೆ ಕೇಳಿ ಕರೆಯಬೇಕು. ಹಾಗಾಗಿ ಬಸ್ಸು ಕಿತ್ತಳೆ ಮೂಟೆಗಳನ್ನು ಹೇರಿಕೊಂಡು, ಮನೆಯ ನಾಲ್ವರನ್ನೂ ಕೂರಿಸಿಕೊಂಡು, ಒಂದು ನದಿಯಿಂದ ಇನ್ನೊಂದು ನದಿಗೆ ಹೊರಟಿತು. ನಡುವೆ ಬರೀ ಮರಳು, ಬೂದಿಬಣ್ಣದ ಬೆಟ್ಟ, ಆಕಾಶ. ಇನ್ನೇನು ಜಗತ್ತಿನಲ್ಲಿ ಯಾರೂ ಉಳಿದಿಲ್ಲ ಎನ್ನುವಾಗ ರಸ್ತೆ ತಟ್ಟನೆ ಇಳಿಯುತ್ತದೆ, ಕೆಳಗೆ ಯಾರೋ ಹಸಿರು ಲಂಗ ಬಿಸಿಲಿಗೆ ಹರವಿಟ್ಟ ಹಾಗೆ ಒಂದು ಕಣಿವೆ. ಅಲ್ಲೊಂದು ಊರು, ಅಲ್ಲೊಬ್ಬಳು ಚಿಕ್ಕಮ್ಮ.

ನಾಸ್ಕಾದಲ್ಲಿ ನೆಲಿದಾಳ ಅಕ್ಕ ತನ್ನನ್ನು ಕೇಳಲಿಲ್ಲವೆಂದು ಮುನಿಸಿಕೊಂಡು ಕೋಳಿಯ ಕುತ್ತಿಗೆಯನ್ನಷ್ಟೇ ದೊರೊತೆಯಾಗೆ ಬಡಿಸಿದಳು. ಮರುವಾರ ಅಕಾರಿಯಲ್ಲಿ ನದಿ ಮೊಣಕಾಲಿಗೂ ಬರುತ್ತಿರಲಿಲ್ಲ. ನೆಲಿದಾ ಮತ್ತು ಅರಾಸೆಲಿ ಕಲ್ಲಿನ ಮೇಲೆ ಎಲ್ಲರ ಬಟ್ಟೆ ಕುಕ್ಕಿ ಬಸ್ಸಿನ ಕಿಟಕಿಗಳಿಗೆ ಒಣಹಾಕಿದರು. ಒವಿದಿಯೊ ಪೇಟೆಗೆ ಡೀಸೆಲ್ ತರಲು ಹೋದವನು ಸಂಜೆ ಬಂದಾಗ ಕೂದಲು ಸಣ್ಣಗೆ ಕತ್ತರಿಸಿ, ಕಿವಿಯ ಹಿಂದೆಲ್ಲ ಪೌಡರು ಹಚ್ಚಿಸಿಕೊಂಡು ಬಂದಿದ್ದ.

ನೆಲಿದಾ ಹಿಂಡುತ್ತಿದ್ದ ಪ್ಯಾಂಟನ್ನು ಕೈಯಲ್ಲೇ ಹಿಡಿದು ನಿಂತಳು. "ಪಾಲ್ಪಾದಲ್ಲಿ ಹಜಾಮರು ಸತ್ತುಹೋಗಿದ್ರಾ?"

"ಸೆಕೆ ಕಣೇ."

"ಚಳಿಗಾಲದಲ್ಲಿ ಸೆಕೆ. ಒಕೋನ್ಯ ಹತ್ರ ಬಂದ ಹಾಗೆ ಸೆಕೆ ಜಾಸ್ತಿ ಆಗತ್ತೆ ಅನ್ಸತ್ತೆ ನಿಂಗೆ."

"ನಾಲ್ಕು ಜನದ ಮನೆಗೆ ಕರೆಯೋಕೆ ಹೋಗೋವಾಗ ಮನುಷ್ಯನ ಹಾಗೆ ಕಾಣಬಾರದಾ?"

"ನಮ್ಮಕ್ಕನ ಮನೆಗೆ ಹೋದಾಗ ಕರಡಿ ಹಾಗಿದ್ದೆಯಲ್ಲ!"

ಒವಿದಿಯೊ ಡೀಸೆಲ್ ಡಬ್ಬ ಧೊಪ್ಪೆಂದು ಕೆಳಗಿಟ್ಟ. "ಅಮ್ಮಾ, ನಿನ್ನ ಸೊಸೆಗೆ ಹೇಳು, ನಾನೇನೂ ಆ ಹೆಂಗಸನ್ನ ಕೇಳೋಣ ಅಂದಿಲ್ಲ. ಅಂದವಳು ನೀನು."

ಬಸ್ಸಿನೊಳಗಿಂದ ದೊರೊತೆಯಾಳ ದನಿ ಬಂತು. "ನಾನೇ ಅಂದಿದ್ದು. ಇನ್ನೂ ನಾನೇ ಅಂತೀನಿ. ಅಕ್ಕಿ ಬೆಂದಿದೆ, ಬಂದು ತಿನ್ನಿ."

ಆ ರಾತ್ರಿಯ ಊಟಕ್ಕೆ ಉಪ್ಪು ಬಿದ್ದಿರಲಿಲ್ಲ. ಯಾರೂ ಕೇಳಲಿಲ್ಲ.

*

ಯೌಕಾದಲ್ಲಿ ಆಲಿವ್ ಕೊಯ್ಲು. ದೊರೊತೆಯಾಳ ತಮ್ಮ ಸೆಫೆರಿನೊ ಹೆಂಡತಿ ಸತ್ತ ಮೇಲೆ ಒಬ್ಬನೇ ಬೇಯಿಸಿಕೊಂಡು, ಒಬ್ಬನೇ ಮಾತಾಡಿಕೊಂಡು ಇದ್ದ ಮುದುಕ. ಬಸ್ಸು ಕಂಡದ್ದೇ, "ಬಂದ್ರಾ? ಮರಕ್ಕೊಬ್ಬರಂತೆ ಹತ್ತಿ!" ಎಂದು ಎಲ್ಲರ ಕೈಗೂ ಬುಟ್ಟಿ ಕೊಟ್ಟ. ವಾರವೆಲ್ಲ ಅವರು ಕಾಯಿ ಕಿತ್ತರು, ಬೆರಳೆಲ್ಲ ನೇರಳೆಯಾಯಿತು. ಅವನ ಅಂಗಳದಲ್ಲಿ ಗುಮ್ಮಟದಂಥ ಮಣ್ಣಿನ ಒಲೆಯಿತ್ತು. ದೊರೊತೆಯಾ ಇಷ್ಟು ದಿನ ಕಾದದ್ದು ಅದಕ್ಕೇ.

ಧರ್ಮತಾಯಿಯನ್ನು ಬಾಯಿಮಾತಿನಲ್ಲಿ ಕೇಳುವಂತಿಲ್ಲ. ರೊಟ್ಟಿ ಒಯ್ಯಬೇಕು: ಮೊಟ್ಟೆ ಹಾಕಿ ನಾದಿದ, ಸೋಂಪು ಉದುರಿಸಿದ, ಮೇಲೆ ಸಕ್ಕರೆ ಪಾಕ ಸವರಿದ ಮೊರದಗಲ ರೊಟ್ಟಿ. ಕೇಳುವ ಮನೆಯ ಹೆಂಗಸೇ ನಾದಬೇಕು. ಮುಂದಿಟ್ಟ ರೊಟ್ಟಿಯನ್ನು ಮುಟ್ಟದೆ ಬಿಟ್ಟರೆ ಒಲ್ಲೆ ಎಂದು ಅರ್ಥ, ಬೇಸರವಿಲ್ಲ. ಮುರಿದು ಬಾಯಿಗಿಟ್ಟರೆ ಆಯಿತು, ಆಮೇಲೆ ಹಿಂದೆ ಸರಿಯುವ ಹಾಗಿಲ್ಲ.

ದೊರೊತೆಯಾ ಮುಂಜಾನೆಯೇ ಎದ್ದು ನಾದಿದಳು. "ನೆಲಿ, ಸ್ವಲ್ಪ ಕೈ ಹಾಕು ಬಾ," ಎಂದು ಕರೆದಳು.

"ನನ್ನ ಕೈ ಕೊಳೆಯಾಗಿದೆ."

"ತೊಳ್ಕೊಂಡು ಬಾ."

"ಆಲಿವ್ ಕಲೆ ಅತ್ತೆ, ಹೋಗಲ್ಲ."

ಅತ್ತೆ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಮತ್ತೆ ಹಿಟ್ಟಿಗೆ ಗುದ್ದು ಹಾಕಿದಳು. ರೊಟ್ಟಿ ಉಬ್ಬಿ ಹೊಂಬಣ್ಣಕ್ಕೆ ಬಂದು ಹೊರಬಂತು. ಕಿಟಕಿಯ ಕಟ್ಟೆಯ ಮೇಲೆ ಬಿಳಿ ಬಟ್ಟೆ ಹೊದಿಸಿ ಆರಲು ಇಟ್ಟು, ದೊರೊತೆಯಾ ಮುಖ ತೊಳೆಯಲು ಕಾಲುವೆಗೆ ಹೋದಳು.

ಸೆಫೆರಿನೊ ತೋಟದಿಂದ ಹಸಿದು ಬರುವ ಹೊತ್ತು ಅದು. ನೆಲಿದಾ ಕಾಫಿ ಕಾಯಿಸಿದಳು. ಮೇಜಿನ ಮೇಲೆ ಆಲಿವ್ ಬಟ್ಟಲು ಇಟ್ಟಳು, ಚೀಸ್ ಇಟ್ಟಳು. ಕಿಟಕಿಯ ಕಡೆ ನೋಡಿದಳು. ಹೋಗಿ ರೊಟ್ಟಿಯನ್ನು ಎತ್ತಿ ತಂದು ನಟ್ಟನಡುವೆ ಇಟ್ಟಳು. ಬಿಳಿ ಬಟ್ಟೆಯನ್ನು ನೀಟಾಗಿ ಮಡಿಸಿ ಗೂಟಕ್ಕೆ ಹಾಕಿದಳು.

ಮುದುಕ ಬಂದವನೇ ಟೋಪಿ ಕೂಡ ತೆಗೆಯದೆ ಕೂತ. "ಅಬ್ಬಾ, ನನ್ನ ಹೆಂಡತಿ ಹೋದ ಮೇಲೆ ಈ ಮೇಜು ಇಂಥ ರೊಟ್ಟಿ ಕಂಡಿರಲಿಲ್ಲ ಮಗಳೇ!" ಎಂದು ಎರಡೂ ಕೈಯಲ್ಲಿ ಹಿಡಿದು ಮುರಿದ. ಬಿಸಿ ಹಬೆ ಎದ್ದಿತು. ದೊಡ್ಡ ತುಂಡೊಂದನ್ನು ಕಾಫಿಯಲ್ಲಿ ಅದ್ದಿ ಬಾಯೊಳಗೆ ಇಡುವುದಕ್ಕೂ ದೊರೊತೆಯಾ ಬಾಗಿಲಲ್ಲಿ ಕಾಣಿಸುವುದಕ್ಕೂ ಸರಿಹೋಯಿತು.

"ಉಗಿಯೋ! ಉಗಿಯೋ ಅದನ್ನ!"

ಸೆಫೆರಿನೊ ಗಾಬರಿಗೆ ನುಂಗಿಬಿಟ್ಟ. "ಏನಕ್ಕಾ? ವಿಷಾನಾ?"

"ಬಸ್ಸಿನ ರೊಟ್ಟಿ ಕಣೋ ಅದು! ಕೇಳೋ ರೊಟ್ಟಿ!"

ಮುದುಕನ ಕಣ್ಣು ಮೊದಲು ರೊಟ್ಟಿಯ ಮೇಲೆ, ಆಮೇಲೆ ಹೊರಗೆ ನಿಂತ ಬಸ್ಸಿನ ಮೇಲೆ ಹೋಯಿತು. ಟೋಪಿ ತೆಗೆದು ಎದೆಗೆ ಹಿಡಿದ. "ಹಾಗಾದ್ರೆ... ನಾನೀಗ ಬಸ್ಸಿಗೆ ಧರ್ಮತಂದೆಯಾ? ನನ್ನ ಹತ್ರ ಒಳ್ಳೇ ಪ್ಯಾಂಟೂ ಇಲ್ಲವಲ್ಲಕ್ಕಾ!"

ಬಾಗಿಲ ಬಳಿ ನಿಂತ ಒವಿದಿಯೊ ನಗಲು ಶುರುಮಾಡಿದ. ಗೋಡೆ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅಷ್ಟು ಹಗುರಾಗಿ ಅವನು ನಕ್ಕದ್ದನ್ನು ನೆಲಿದಾ ಬಹಳ ದಿನದಿಂದ ಕಂಡಿರಲಿಲ್ಲ. ಅವಳೂ ನಕ್ಕಳು. ಗಂಡಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡು ನಗುವುದನ್ನು ದೊರೊತೆಯಾ ಕಂಡಳು, ಗೂಟಕ್ಕೆ ಹಾಕಿದ ಬಟ್ಟೆಯ ಮಡಿಕೆಯನ್ನೂ ಕಂಡಳು.

"ಇನ್ನೊಂದು ಸುಟ್ಟರಾಯ್ತಲ್ಲ ಅಜ್ಜಿ," ಎಂದಳು ಅರಾಸೆಲಿ.

"ಒಂದು ಬಸ್ಸಿಗೆ ಒಂದೇ ಕೈ ಎರಡು ಸಲ ನಾದಬಾರದು," ಎಂದು ಅಜ್ಜಿ ಒಲೆಯ ಬಾಯಿಗೆ ಕಲ್ಲು ಮುಚ್ಚಿದಳು.

*

ಚಾಲಾದಲ್ಲಿ ಬಸ್ಸು ಕೆಟ್ಟು ನಿಂತಿತು. ಒವಿದಿಯೊ ಬಿಡಿಭಾಗ ಹುಡುಕಿಕೊಂಡು ಹೋದ. ಧರ್ಮತಂದೆಯಾಗಿ ಯೌಕಾದಿಂದ ಜೊತೆಗೇ ಹತ್ತಿ ಬಂದಿದ್ದ ಸೆಫೆರಿನೊ, ಇನ್ನು ಬಸ್ಸಿನ ಒಳ್ಳೆಯದು ಕೆಟ್ಟದ್ದು ತನ್ನದೇ ಎಂದು ಅವನ ಹಿಂದೆ ಹೊರಟ. ಸಮುದ್ರದ ಮಂಜು ರಸ್ತೆಯವರೆಗೂ ಬಂದಿತ್ತು. ಅತ್ತೆಸೊಸೆ ಬಸ್ಸಿನ ಮೆಟ್ಟಿಲ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದರು. ಯೌಕಾ ಬಿಟ್ಟಾಗಿನಿಂದ ಅತ್ತೆ ಮಾತಾಡಿರಲಿಲ್ಲ.

"ಅರಾಸೆಲಿ," ಎಂದು ಕರೆದಳು ದೊರೊತೆಯಾ, "ನಿಂಗೊಂದು ಕತೆ ಹೇಳ್ತೀನಿ ಬಾ." ಮೊಮ್ಮಗಳು ಬಂದು ಕೂತಳು. ಆದರೆ ಮುದುಕಿ ಮುಖ ತಿರುಗಿಸಿದ್ದು ಸೊಸೆಯ ಕಡೆ.

"ನಮ್ಮ ಮೇಲಿನ ಬೆಟ್ಟದ ಊರಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು. ಅವನ ಮಗೂಗೆ ಅವಳು ಧರ್ಮತಾಯಿ. ಅಂದ್ರೆ ಅವನು ಅವಳಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ಒಡಹುಟ್ಟಿದವರಿಗಿಂತ ಹತ್ತಿರ, ಒಡಹುಟ್ಟಿದವರಿಗಿಂತ ದೂರ. ಒಬ್ಬರ ಮೈ ಒಬ್ಬರು ಸೋಕಬಾರದು. ಆದ್ರೂ ಇಬ್ಬರೂ ಕತ್ತಲಾದ ಮೇಲೆ ಹೊಲದಲ್ಲಿ ಸೇರೋರು. ಏನಾಯ್ತು? ಕತ್ತಲಾದ ಹಾಗೆ ಅವರ ಕುತ್ತಿಗೆ ಉದ್ದ ಆಯ್ತು, ಮೈಮೇಲೆ ಉಣ್ಣೆ ಬಂತು, ಕೈಯೆಲ್ಲ ಕಾಲಾಯ್ತು. ಎರಡು ತಲೆಯ ಒಂದೇ ಲಾಮಾ ಆಗಿ ಊರೆಲ್ಲ ಕೂಗ್ತಾ ತಿರುಗೋದು. ಒಬ್ಬ ಗಟ್ಟಿಗ ಹಗ್ಗ ಎಸೆದು ಹಿಡಿದು, ಅದರ ಮುಖಕ್ಕೆ ಮಸಿ ಬಳಿದು ಬಿಟ್ಟ. ಬೆಳಗ್ಗೆ ಊರವರು ನೋಡ್ತಾರೆ, ಆ ಹೆಂಗಸು ಬಾವಿ ಹತ್ರ ಕೂತು ಮುಖ ಉಜ್ಜುತಾ ಇದ್ದಾಳೆ, ಉಜ್ಜುತಾನೇ ಇದ್ದಾಳೆ. ಮಸಿ ಹೋಗ್ತಿಲ್ಲ."

"ಆಮೇಲೆ?" ಎಂದಳು ಅರಾಸೆಲಿ.

"ಆಮೇಲೇನು, ನಿಮ್ಮಪ್ಪ ಈ ಕತೆ ಕೇಳಿದಾಗ ನಿನಗಿಂತ ಚಿಕ್ಕವನು. ಒಂದು ವಾರ ಹೊರಗೆ ಒಂದಕ್ಕೆ ಹೋಗೋಕೂ ಹೆದರ್ತಿದ್ದ. ಈಗಲೂ ಲಾಮಾ ಕಂಡ್ರೆ ರಸ್ತೆ ದಾಟಿ ಹೋಗ್ತಾನೆ, ನೋಡಿದ್ದೀಯಲ್ಲ."

ನೆಲಿದಾಳ ಚಾಕು ಆಲೂಗಡ್ಡೆಯ ಮೇಲೆ ನಿಂತಿತ್ತು.

"ಅತ್ತೆ."

"ಏನು?"

"ಅದಕ್ಕಾ ನೀವು ಕ್ಲೊರಿಂದಾನ ಅವನಿಗೆ ಕೊಮಾದ್ರೆ ಮಾಡೋಕೆ ಹೊರಟಿದ್ದು?"

"ವಾರವಾರ ಅಲ್ಲಿ ತಂಗೋ ಗಂಡಸನ್ನ ನೀನು ಪಾಲ್ಪಾದಲ್ಲಿ ಕೂತು ಎಷ್ಟು ವಾರ ಕಾಯ್ತೀಯ ಹುಡುಗಿ? ಬಾಗಿಲಿಗೆ ಅಗುಳಿ ಹಾಕೋಣ ಅಂತ ನಾನು ಹಿಟ್ಟು ನಾದಿದ್ರೆ, ನೀನು ಅಗುಳೀನ ಕಾಫೀಲಿ ಅದ್ದಿ ತಿನ್ನಿಸಿದೆ."

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ಜಗಳದಲ್ಲಿ ನೀನು ಅವನ ಮುಂದೆ ಎಲ್ಲಾ ಕಕ್ಕಿಬಿಡ್ತಿದ್ದೆ. ಅವನು ಬೇಡ ಅಂದಿದ್ದು ನೆನಪಿದೆಯಾ? ರೊಟ್ಟಿ ಹೋಯ್ತು ಅಂದಾಗ ನಕ್ಕಿದ್ದು ನೆನಪಿದೆಯಾ? ಪಕ್ಕದಲ್ಲಿ ನಿಂತು ನೀನೂ ನಕ್ಕೆಯಲ್ಲ."

ಅರಾಸೆಲಿ ಇಬ್ಬರ ಮುಖವನ್ನೂ ನೋಡಿ, ಮೆಲ್ಲಗೆ ಎದ್ದು ಬಸ್ಸಿನೊಳಕ್ಕೆ ಹೋದಳು. ನೆಲಿದಾ ಉಳಿದ ಆಲೂಗಡ್ಡೆಗಳನ್ನೆಲ್ಲ ಒಂದೇ ಸಮ ಸುಲಿದಳು. ಬಿಡಿಭಾಗ ಸಿಕ್ಕಿತೆಂದು ದೂರದಿಂದಲೇ ಕೂಗಿ, ಒವಿದಿಯೊ ಶಿಳ್ಳೆ ಹಾಕುತ್ತ ಮಂಜಿನೊಳಗಿಂದ ಬಂದ. ಆ ಶಿಳ್ಳೆ ಅವಳ ಕಿವಿಗೆ ಸೂಜಿಯಂತೆ ಹೋಯಿತು.

*

ಒಕೋನ್ಯದ ನದಿ ಬೇರೆ ನದಿಗಳಂತಲ್ಲ; ಚಳಿಗಾಲದಲ್ಲೂ ತುಂಬಿ, ಕಲ್ಲುಗಳ ಜೊತೆ ಜಗಳ ಆಡುತ್ತಲೇ ಸಮುದ್ರಕ್ಕೆ ಹೋಗುತ್ತದೆ. ಸೇತುವೆಯ ಕೆಳಗೆ ಬಸ್ಸು ನಿಲ್ಲಿಸಿ ಒವಿದಿಯೊ ಎಂಜಿನ್ ನೋಡಲು ಬಾನೆಟ್ ಎತ್ತಿದ. ನೆಲಿದಾ ಊರಿನ ಬೇಕರಿಯ ಬಾಗಿಲಿಗೆ ಹೋಗಿ ನಿಂತಳು.

"ನಿಮ್ಮ ಒಲೆ ಒಂದು ಗಳಿಗೆ ಬೇಕಿತ್ತಮ್ಮ. ಹಿಟ್ಟು, ಮೊಟ್ಟೆ ಎಲ್ಲಾ ನಂದೇ."

ಬೇಕರಿಯ ದಪ್ಪ ಹೆಂಗಸು ಅವಳ ಬುಟ್ಟಿಯಲ್ಲಿದ್ದ ಬಿಳಿ ಬಟ್ಟೆ ನೋಡಿದಳು. "ಯಾರನ್ನ ಕೇಳೋಕೆ?"

"ಕ್ಲೊರಿಂದಾನ."

"ಒಳ್ಳೇ ಕೈ ಅವಳದು. ಕೇಳಿ. ಸೌದೆ ಹಸಿ ಇದೆ, ಹೊಗೆ ಜಾಸ್ತಿ, ನೋಡ್ಕೊಳ್ಳಿ."

ನೆಲಿದಾ ನಾದಿದಳು. ಅತ್ತೆ ಬಂದು ಬಾಗಿಲಲ್ಲಿ ನಿಂತಳೇ ಹೊರತು ಹಿಟ್ಟು ಮುಟ್ಟಲಿಲ್ಲ. "ಇನ್ನೂ ಗುದ್ದು," ಎಂದಳು. "ಸಿಟ್ಟೆಲ್ಲ ಅದರ ಮೇಲೇ ತೀರಿಸ್ಕೋ." ನೆಲಿದಾ ಗುದ್ದಿದಳು. ಊದಿ ಊದಿ ಬೆಂಕಿ ಹಚ್ಚುವಷ್ಟರಲ್ಲಿ ಕಣ್ಣು ಕೆಂಪಾಯಿತು. ರೊಟ್ಟಿಯ ಒಂದು ಅಂಚು ತುಸು ಕಪ್ಪಾಯಿತು. ಅದನ್ನೇ ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು, ಅವಳು ಸೇತುವೆಯ ಪಕ್ಕದ ಖಾನಾವಳಿಗೆ ನಡೆದಳು.

ಕ್ಲೊರಿಂದಾ ಸಿಗಡಿಗಳ ತಲೆ ಮುರಿಯುತ್ತ ಕೂತಿದ್ದಳು. ಗಂಡ ಸತ್ತವಳ ಕಪ್ಪು ಬಟ್ಟೆ, ಎರಡು ದಪ್ಪ ಜಡೆ. ನೆಲಿದಾ ಮನಸ್ಸಿನಲ್ಲಿ ಹದಿನಾರು ವರ್ಷ ಚಿತ್ರಿಸಿಕೊಂಡಿದ್ದ ಹೆಂಗಸಿಗಿಂತ ಕುಳ್ಳಗಿದ್ದಳು, ಚೆಲುವೆಯಾಗಿದ್ದಳು.

"ನೀನು ನೆಲಿದಾ," ಎಂದಳು ಅವಳೇ. "ಪಾಲ್ಪಾದ ಕಿತ್ತಳೆ ವಾಸನೆ ಬಾಗಿಲಿಗೇ ಬಂತು. ಕೂತ್ಕೋ. ಮುಖಕ್ಕೆಲ್ಲ ಮಸಿ ಆಗಿದೆ ನಿಂಗೆ."

ನೆಲಿದಾ ಸೆರಗಿನಂತೆ ಇಳಿಬಿದ್ದಿದ್ದ ತಲೆವಸ್ತ್ರದ ತುದಿಯಲ್ಲಿ ಕೆನ್ನೆ ಉಜ್ಜಿಕೊಂಡಳು. ಹೋಯಿತೋ ಇಲ್ಲವೋ ಗೊತ್ತಾಗಲಿಲ್ಲ. ಮೇಜಿನ ಮೇಲೆ ರೊಟ್ಟಿ ಇಟ್ಟು ಬಟ್ಟೆ ಬಿಚ್ಚಿದಳು.

"ನಮ್ಮ ಬಸ್ಸಿಗೆ ಧರ್ಮತಾಯಿ ಆಗಬೇಕು ನೀವು."

ಕ್ಲೊರಿಂದಾ ಕೈ ಒರೆಸಿಕೊಂಡಳು. ರೊಟ್ಟಿ ನೋಡಿದಳು. ಕಿಟಕಿಯಾಚೆ, ಸೇತುವೆಯ ಕೆಳಗೆ, ಬಾನೆಟ್ಟಿನೊಳಗೆ ಅರ್ಧ ಮುಳುಗಿದ್ದ ಗಂಡಸಿನ ಬೆನ್ನನ್ನು ನೋಡಿದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಉಕ್ಕಿ ಚೆಲ್ಲುವ ತನಕ ಅವಳು ಏಳಲಿಲ್ಲ. ಎದ್ದು ಉರಿ ತಗ್ಗಿಸಿ ಬಂದು ಮತ್ತೆ ಕೂತಳು.

"ಕೇಳೋಣ ಅಂದವನು ಅವನಾ?"

"ಅವನು ಬೇಡ ಅಂದ."

"ಓ." ಅವಳು ತಲೆಯಾಡಿಸಿದಳು. "ನಾದಿದ್ದು ದೊರೊತೆಯಮ್ಮನಾ?"

"ನಾನು."

"ಅಂಚು ಸೀದಿದೆ."

"ಸೌದೆ ಹಸಿ ಇತ್ತು."

"ನಾನು ಮುಟ್ಟದೇ ಹೋದ್ರೆ?"

"ಬೇಸರ ಇಲ್ಲ ಅನ್ನೋದು ರೂಢಿ," ಎಂದಳು ನೆಲಿದಾ. "ನಂಗೆ ಆಗತ್ತೆ. ಸುಳ್ಳು ಯಾಕೆ ಹೇಳಲಿ. ಪ್ರತಿ ವಾರ ಆಗತ್ತೆ."

ಕ್ಲೊರಿಂದಾ ಎದ್ದು ಒಲೆಯ ಉರಿ ಪೂರ್ತಿ ಆರಿಸಿದಳು. ಆಮೇಲೆ ರೊಟ್ಟಿಯನ್ನು ಎತ್ತಿಕೊಂಡು ಹೊರಗೆ ನಡೆದಳು. ನೆಲಿದಾ ಹಿಂದೆಯೇ ಓಡಿದಳು. ಬಸ್ಸಿನ ಮುಂದೆ ದೊರೊತೆಯಾ, ಸೆಫೆರಿನೊ, ಅರಾಸೆಲಿ ಎದ್ದು ನಿಂತರು. ಒವಿದಿಯೊ ಸ್ಪ್ಯಾನರ್ ಹಿಡಿದು ತಿರುಗಿದ. ಅವನ ಕಣ್ಣು ಮೊದಲು ಜಡೆಗಳ ಮೇಲೆ ಬಿತ್ತು, ಆಮೇಲೆ ರೊಟ್ಟಿಯ ಮೇಲೆ.

ಅವನ ಎದುರೇ ಕ್ಲೊರಿಂದಾ ರೊಟ್ಟಿ ಮುರಿದಳು. ಸೀದ ಅಂಚನ್ನೇ ಕಿತ್ತು ಬಾಯಿಗಿಟ್ಟು ಅಗಿದಳು. ಉಳಿದ ಅರ್ಧವನ್ನು ಅವನತ್ತ ಚಾಚಿದಳು.

"ತಗೊಳ್ಳಿ ಕೊಂಪಾದ್ರೆ."

ಒವಿದಿಯೊನ ಕೈ ಮೇಲೆ ಬರಲಿಲ್ಲ. "ಕೈ... ಕೈ ಕೊಳೆಯಾಗಿದೆ," ಎಂದ.

"ತೊಳ್ಕೊಂಡು ಬನ್ನಿ. ನದಿ ಇಲ್ಲೇ ಇದೆಯಲ್ಲ."

ಅವನು ಇಳಿದು ಹೋದ. ನೀರಿನ ಅಂಚಿನಲ್ಲಿ ಬೆನ್ನು ಮಾಡಿ ಕೂತು ಕೈ ತೊಳೆದ. ಮರಳು ಹಾಕಿ ಉಜ್ಜಿದ, ಮತ್ತೆ ತೊಳೆದ, ಮತ್ತೆ ಉಜ್ಜಿದ. ಕ್ಲೊರಿಂದಾ ಚಾಚಿದ ಕೈಯನ್ನು ಇಳಿಸಲಿಲ್ಲ. ನೆಲಿದಾ ಅವನ ಬೆನ್ನಿನಿಂದ ಕಣ್ಣು ಕೀಳಲಿಲ್ಲ. ಎಂಜಿನ್ ಎಣ್ಣೆ ತೊಳೆಯಲು ಅಷ್ಟು ಹೊತ್ತು ಬೇಕಿಲ್ಲವೆಂದು ಅವನ ಅಂಗಿ ಒಗೆದ ಅವಳಿಗೆ ಗೊತ್ತಿತ್ತು. "ಬಾ ಮಗನೇ," ಎಂದು ದೊರೊತೆಯಾ ಕೂಗಿದಳು. "ನದಿ ಎಲ್ಲೂ ಓಡಿಹೋಗಲ್ಲ."

ಅವನು ಬಂದ. ಕೆಂಪಾದ ಕೈಯಲ್ಲಿ ರೊಟ್ಟಿ ತೆಗೆದುಕೊಂಡು ಕಚ್ಚಿದ. ಯಾರ ಮುಖವನ್ನೂ ನೋಡದೆ, "ದೇವರು ಒಳ್ಳೇದು ಮಾಡಲಿ, ಕೊಮಾದ್ರೆ," ಎಂದ.

ಸೆಫೆರಿನೊ ದ್ರಾಕ್ಷಿ ಸಾರಾಯಿಯ ಪಿಸ್ಕೊ ಬಾಟಲಿ ತೆರೆದ.

*

ಮರುದಿನ ಬಸ್ಸು ಜ್ಞಾನಸ್ನಾನಕ್ಕೆಂದು ಪಾಲ್ಪಾದ ಕಡೆ ತಿರುಗಿತು. ನೆಲಿದಾ ಮುಂದಿನ ಸೀಟಿನ ಮೇಲಿನ ಹಳದಿ ಶಾಲನ್ನು ತಾನೇ ತೆಗೆದು ಮಡಿಸಿ ಅದರ ಬೆನ್ನಿಗಿದ್ದ ಸಾಲಿನಲ್ಲಿ ಕೂತಳು. ಕ್ಲೊರಿಂದಾ ಮುಂದೆ ಕೂತು ಕಿತ್ತಳೆ ಸುಲಿಯತೊಡಗಿದಳು. ಸಿಪ್ಪೆ ಒಂದೇ ಎಳೆಯಾಗಿ, ಎಲ್ಲೂ ತುಂಡಾಗದೆ, ಅವಳ ಮಡಿಲಿಗೆ ಸುರುಳಿ ಸುರುಳಿಯಾಗಿ ಇಳಿಯಿತು. ನೆಲಿದಾಗೆ ಇಷ್ಟು ವರ್ಷದಲ್ಲಿ ಒಂದು ದಿನವೂ ಹಾಗೆ ಬಂದಿರಲಿಲ್ಲ.

ಸುಲಿದ ಹಣ್ಣನ್ನು ಕ್ಲೊರಿಂದಾ ಪಕ್ಕಕ್ಕೆ ಕೊಡಲಿಲ್ಲ. ತಿರುಗಿ ಹಿಂದಕ್ಕೆ ಚಾಚಿದಳು. "ತಗೋ ಕೊಮಾದ್ರೆ, ನಿನ್ನ ಗಂಡನಿಗೆ ನೀನೇ ಕೊಡು."

ನೆಲಿದಾ ತೆಗೆದುಕೊಂಡಳು. ಒಂದು ತೊಳೆ ಬಿಡಿಸಿದಳು. ಸಿಹಿ ಇತ್ತು. ಇನ್ನೊಂದು ಬಿಡಿಸಿದಳು.

ಮರಳು ಎರಡೂ ಕಡೆ ಹೊಳೆಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಒವಿದಿಯೊ ರಸ್ತೆಯಿಂದ ಕಣ್ಣು ತೆಗೆಯದೆ ಕೈ ಹಿಂದಕ್ಕೆ ಚಾಚಿದ. "ಎಲ್ಲಿ, ಹಣ್ಣು?"

"ಅಮ್ಮ ತಿಂದಳು," ಎಂದಳು ಅರಾಸೆಲಿ.

"ಪೂರ್ತಿನಾ?"

"ಪೂರ್ತಿ."

"ಸರಿ," ಎಂದ ಒವಿದಿಯೊ. ಕೈಯನ್ನು ಸ್ಟಿಯರಿಂಗಿಗೆ ವಾಪಸ್ ಇಟ್ಟುಕೊಂಡ.